ಸೋಮವಾರ ಒಪ್ಪತ್ತು ಮಾಡಿದ ನಾಯಿ

ಶಿಗ್ಗಾಂವದಲ್ಲಿ ನಮ್ಮದು ಕಾಳುಕಡಿ ವ್ಯಾಪಾರ. ಗೋವಿನಜೋಳದ ಚೀಲ ಟ್ರ್ಯಾಕ್ಟರಿನಿಂದ ಇಳಿಯುವ ಮೊದಲೇ ಅದರ ತೂಕ ಹೇಳಿಬಿಡುವವನು ನಾನು. ಆಮೇಲೆ ಕಾಟಾ ಮೇಲೆ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಂಥ ನನ್ನ ಕಣ್ಣೆದುರಿಗೇ ಮನೆಯ ನಾಯಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು, ನನಗೆ ಕಾಣಲಿಲ್ಲ. ಮನೆಯವರನ್ನು ಯಾರು ಕಾಟಾ ಕಣ್ಣಿನಿಂದ ನೋಡುತ್ತಾರೆ?

ಅವನು ಮುಧೋಳ ಜಾತಿಯವನು. ಬಾಗಲಕೋಟೆ ಕಡೆಯ ವ್ಯಾಪಾರಿಯೊಬ್ಬರು ಕೈಚೀಲದಲ್ಲಿ ಹಾಕಿ ತಂದುಕೊಟ್ಟ ಮರಿ. ಓಡುವುದಕ್ಕೆಂದೇ ಹುಟ್ಟಿದ ತಳಿ, ಚಿಗರಿಯ ಬೆನ್ನು ಹತ್ತುವಂಥದ್ದು ಎಂದು ಅವರು ಹೇಳಿದ್ದರು. ನಮ್ಮ ಮನೆಯಲ್ಲಿ ಅವನು ಐದು ವರ್ಷ ಹೊಸ್ತಿಲಿಗೆ ಅಡ್ಡ ಮಲಗಿದ. ಬಂದವರು ದಾಟಿಕೊಂಡು ಒಳಗೆ ಬರುತ್ತ, ಕರು ಯಾವಾಗ ಕಟ್ಟಿದ್ರಿ ಎಂದು ಚೇಷ್ಟೆ ಮಾಡುತ್ತಿದ್ದರು. ಅವನದು ಶಾಂತ ಸ್ವಭಾವ ಎಂದು ನಾವು ಸಮಜಾಯಿಷಿ ಕೊಡುತ್ತಿದ್ದೆವು. ಅವ್ವ ಅವನನ್ನು ಕರೆಯುತ್ತಿದ್ದುದು ತಮ್ಮಾ ಅಂತ. ನನ್ನನ್ನೂ ಹಾಗೇ ಕರೆಯುತ್ತಾಳೆ. ಊಟಕ್ಕೆ ಬಾ ತಮ್ಮಾ ಎಂದರೆ ನನಗಿಂತ ಮೊದಲು ಅವನೇ ಅಡುಗೆಮನೆಯಲ್ಲಿ ಹಾಜರ್.

ಎದುರಿಗೆ ನೋಡುವ ಕಣ್ಣು ಇಟ್ಟುಕೊಂಡು ಉಂಡರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂಬುದು ಅವ್ವನ ನಂಬಿಕೆ. ಹಾಗಾಗಿ ಅವಳ ತಾಟಿನ ಮೊದಲ ತುತ್ತು ಅವನದು, ನಡುವಿನ ತುತ್ತು ಅವನದು, ಕೊನೆಯದೂ ಅವನದೇ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಹಿಂಡಿ ಹಚ್ಚಿ, ಊದಿ ಆರಿಸಿ ಬಾಯಿಗಿಡುತ್ತಿದ್ದಳು. ನಾನು ಬೈದರೆ, ಜೋಳದ ರೊಟ್ಟಿ ತಿಂದು ಕೆಟ್ಟವರು ಯಾರಿದ್ದಾರೆ ಎಂದು ನನ್ನನ್ನೇ ಕೇಳುತ್ತಿದ್ದಳು.

ಒಂದು ಚಳಿಗಾಲ ಅವನ ಹಿಂಗಾಲು ಸೋಲತೊಡಗಿದವು. ಮಲಗಿದಲ್ಲಿಂದ ಏಳಲು ಎರಡು ಮೂರು ಸಲ ಪ್ರಯತ್ನ ಪಡುತ್ತಿದ್ದ. ದನದ ಡಾಕ್ಟರಮ್ಮನನ್ನು ಮನೆಗೇ ಕರೆಸಿದೆವು. ಅವರು ಬೆನ್ನು, ಪಕ್ಕೆ, ಕಾಲು ಒತ್ತಿ ನೋಡಿ, ಇರಬೇಕಾದ್ದಕ್ಕಿಂತ ಹತ್ತು ಕಿಲೋ ಜಾಸ್ತಿ ಹೊತ್ತುಕೊಂಡಿದ್ದಾನೆ, ಹೀಗೇ ಬಿಟ್ಟರೆ ಕಾಲು ಪೂರಾ ಹೋಗುತ್ತವೆ ಎಂದರು. ಎಣ್ಣೆ, ಬೆಣ್ಣೆ, ಶೇಂಗಾ, ಸಿಹಿ ಬಂದ್. ದಿನಕ್ಕೆ ಎರಡೇ ಸಲ, ಅಳೆದು ಹಾಕುವುದು. ಒಂದು ತತ್ತಿ ಬೇಯಿಸಿ ಹಾಕಿ ಎನ್ನಲು ಹೋದವರು ಅವ್ವನ ಕೊರಳಿನ ಲಿಂಗದ ಕಡೆ ನೋಡಿ, ಬೇಯಿಸಿದ ಹೆಸರುಕಾಳು, ಗಜ್ಜರಿ, ನೀರು ಮಜ್ಜಿಗೆ ಎಂದು ಮಾತು ತಿರುಗಿಸಿದರು. ಬೆಳಿಗ್ಗೆ ಸಂಜೆ ಮೆತ್ತನೆ ನೆಲದ ಮೇಲೆ ನಡೆಸಬೇಕು. ಸದ್ಯಕ್ಕೆ ಓಡಿಸುವ ಹಾಗಿಲ್ಲ.

ಅವ್ವ ಎಲ್ಲದಕ್ಕೂ ಹೂಂ ಎಂದಳು. ಡಾಕ್ಟರಮ್ಮ ಹೋದ ಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಅವಗ ನನ್ನ ಗುರುತು ಇರೂದ ಆ ತುತ್ತಿನಿಂದ. ಅದನ್ನ ನಿಲ್ಲಿಸಿದ್ರ ನಾ ಅವಗ ಯಾರು?"

ಏನೂ ಆಗುವುದಿಲ್ಲ ಬಿಡು ಎಂದು ಅಂಗಡಿಗೆ ಹೋದೆ.

ಅವ್ವ ತನ್ನದೇ ದಾರಿ ಹುಡುಕಿದಳು. ಅವಳು ಪ್ರತಿ ಸೋಮವಾರ ಒಪ್ಪತ್ತು ಮಾಡುತ್ತಾಳೆ. ರಾತ್ರಿ ಮಾತ್ರ ಊಟ, ಹಗಲು ಉಪವಾಸದ ತಿನಿಸು. ಅವನೂ ತನ್ನ ಜೊತೆ ಸೋಮವಾರ ಹಿಡಿಯಲಿ, ತೂಕ ತಾನೇ ಇಳಿಯುತ್ತದೆ ಎಂದಳು. ನನಗೂ ಸರಿ ಅನ್ನಿಸಿತು. ಆದರೆ ಉಪವಾಸ ಎಂದರೆ ನಮ್ಮಲ್ಲಿ ಏನು? ತುಪ್ಪದಲ್ಲಿ ಹೊರಳಾಡಿದ ಸಾಬೂದಾಣಿ ಕಿಚಡಿ, ಅದರ ಮೇಲೆ ಶೇಂಗಾ ಪುಡಿ, ಬಾಳೆಹಣ್ಣು, ಬೆಲ್ಲದ ಉಂಡಿ, ಕೆನೆ ಹಾಲು. ಪಾಪ, ಅವನು ಮನಸ್ಸಿಟ್ಟು ವ್ರತ ಮಾಡಿದ. ಸೋಮವಾರ ಬಂತೆಂದರೆ ಅವ್ವನಿಗಿಂತ ಮೊದಲೇ ದೇವರ ಕೋಣೆಯ ಬಾಗಿಲಲ್ಲಿ ಕೂತಿರುತ್ತಿದ್ದ.

ಒಂದು ತಿಂಗಳಾದ ಮೇಲೆ ಅಂಗಡಿಯ ಕಾಟಾ ಮೇಲೆ ನಿಲ್ಲಿಸಿದರೆ ತೂಕ ಏರಿತ್ತು. ನನಗೆ ಪಿತ್ತ ನೆತ್ತಿಗೇರಿತು. ಮನೆಗೆ ಬಂದು ಕೂಗಾಡಿದೆ. ಉಪವಾಸ ಮಾಡಿದವರು ಎಲ್ಲಾದರೂ ದಪ್ಪ ಆಗುತ್ತಾರೇನು ಎಂದು ಅವ್ವ ನನ್ನ ಹೊಟ್ಟೆಯ ಕಡೆ ನೋಡಿದಳು. ನಾನೂ ಸೋಮವಾರದವನೇ. ಅಲ್ಲಿಗೆ ಜಗಳ ಮುಗಿಯಿತು.

ಮುಂದೆ ಒಂದು ದಿನ ಬೆಳಿಗ್ಗೆ ಅವ್ವ ತುಳಸಿಗೆ ನೀರು ಹಾಕಿ ಅವನನ್ನು ಕರೆದಳು. ಅವನು ಅವಸರದಲ್ಲಿ ಎದ್ದ. ಪಡಸಾಲೆಯ ಟೈಲ್ಸಿನ ಮೇಲೆ ಹಿಂಗಾಲೆರಡೂ ಜಾರಿ ಎರಡು ಕಡೆಗೆ ಹರಡಿಕೊಂಡು ಕುಸಿದ. ಮತ್ತೆ ಎದ್ದ, ಮತ್ತೆ ಕುಸಿದ. ಬಿದ್ದಲ್ಲಿಂದಲೇ ಅವಳ ಮುಖ ನೋಡುತ್ತ ಬಾಲ ಅಲ್ಲಾಡಿಸಿದ. ನಾನು ಹೊಟ್ಟೆಯ ಕೆಳಗೆ ಕೈಹಾಕಿ ಎತ್ತಿ ನಿಲ್ಲಿಸಿದೆ. ಅವ್ವ ಖಾಲಿ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದಳು.

ಅವತ್ತು ಮಧ್ಯಾಹ್ನ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಉಂಡಳು. ನನಗೆ ತಿಳಿದ ಮಟ್ಟಿಗೆ ಆ ಬಾಗಿಲು ಊಟದ ಹೊತ್ತಿಗೆ ಹಾಕಿದ್ದು ಅದೇ ಮೊದಲು. ಸಂಜೆ ಓಣಿಯ ಮನೆಮನೆಗೆ ಹೋಗಿ, ನಮ್ಮ ತಮ್ಮಗ ಏನೂ ಹಾಕಬ್ಯಾಡ್ರಿ ಎಂದು ಕೇಳಿಕೊಂಡು ಬಂದಳು. ಬೇಡ ಎನ್ನುವ ಮಾತನ್ನು ಯಾರ ಬಾಗಿಲಲ್ಲೂ ಆಡಿದವಳಲ್ಲ. ಮನೆಗೆ ಬಂದು ಸುಸ್ತಾಗಿ ಕೂತಳು, ನನ್ನ ಕಡೆ ನೋಡಲೂ ಇಲ್ಲ.

ಇನ್ನು ಅವನು ರಂಪ ಮಾಡುತ್ತಾನೆ, ಬಾಗಿಲು ಕೆರೆಯುತ್ತಾನೆ, ಚಪ್ಪಲಿ ಕಚ್ಚಿ ಹಾಕುತ್ತಾನೆ ಎಂದು ನಾನು ಕಾದೆ. ಅವನು ಅಳೆದು ಹಾಕಿದ ಹೆಸರುಕಾಳಷ್ಟೇ ತಿಂದು, ಮುಚ್ಚಿದ ಬಾಗಿಲಿಗೆ ಮೂತಿ ತಾಗಿಸಿ ಮಲಗಿದ, ಅಷ್ಟೇ. ಒಳಗಿಂದ ರೊಟ್ಟಿಯ ವಾಸನೆ ಬರುತ್ತಿರುತ್ತದೆ. ತಾಟಿನ ಸದ್ದಿಗೆ ಕಿವಿ ನಿಮಿರುತ್ತವೆ. ಅವ್ವ ಬಾಯಿ ಒರೆಸಿಕೊಂಡು ಬಾಗಿಲು ತೆರೆದರೆ, ಏನೂ ಆಗಿಲ್ಲವೆಂಬಂತೆ ಎದ್ದು ಅವಳ ಹಿಂದೆ ಹೋಗುತ್ತಾನೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಒಂದು ಸಲ ಕಾಟಾ ತಪ್ಪಿದರೆ ವರ್ಷಗಟ್ಟಲೆ ಮಾತು ಬಿಡುವ ಗಿರಾಕಿಗಳ ನಡುವೆ ಬದುಕುವವನು ನಾನು. ಹಸಿವನ್ನು ಹೀಗೆ ಸಿಟ್ಟಿಲ್ಲದೆ ಇಟ್ಟುಕೊಳ್ಳಬಹುದೆಂದು ನನಗೆ ಗೊತ್ತಿರಲಿಲ್ಲ. ಅವ್ವನೂ ಒಂದು ದಿನ ಅವನ ಕಿವಿ ಸವರುತ್ತ, "ಮನಶ್ಯಾ ಆಗಿದ್ರ ಇಷ್ಟೊತ್ತಿಗೆ ಆಸ್ತಿ ಪಾಲ ಕೇಳತಿದ್ದ" ಎಂದಳು.

ಬೆಳಿಗ್ಗೆ ನಾನು, ಸಂಜೆ ಅವ್ವ ಅವನನ್ನು ನಡೆಸುತ್ತಿದ್ದೆವು. ಮೊದಮೊದಲು ಓಣಿಯ ತುದಿಗೇ ಕೂತುಬಿಡುತ್ತಿದ್ದ. ಕೂತರೆ ನಾವೂ ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಆಮೇಲೆ ಶಾಲೆಯ ಮೈದಾನ, ಆಮೇಲೆ ಹೈವೇ ಕೆಳಗಿನ ಮಣ್ಣಿನ ರಸ್ತೆ. ಮುಂಗಾರು ಬಂತು, ಹೆಸರಿನ ಬೆಳೆ ಕಿತ್ತರು, ಗೋವಿನಜೋಳ ತೆನೆ ಕಟ್ಟಿತು. ಒಂದು ದಿನ ಮೈ ತೊಳೆಯುವಾಗ ಪಕ್ಕೆಲುಬು ಕೈಗೆ ಸಿಕ್ಕವೆಂದು ಅವ್ವ ಗಾಬರಿಯಾಗಿ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಡಾಕ್ಟರಮ್ಮ ಬಂದು ನೋಡಿ ನಕ್ಕು, ಈ ಜಾತಿಗೆ ಪಕ್ಕೆಲುಬು ಹೀಗೆ ಕೈಗೆ ಹತ್ತಬೇಕು, ಇನ್ನು ಮೇಲೆ ಬಿಚ್ಚಿ ಬಿಡಬಹುದು ಎಂದರು.

ಹುಲಗೂರ ರಸ್ತೆಯಲ್ಲಿ ನಮ್ಮದೊಂದು ಹೊಲವಿದೆ. ಬೆಳೆ ತೆಗೆದು, ಮಣ್ಣು ಮೆತ್ತಗಾಗುವಂತೆ ಹರಗಿ ಬಿಟ್ಟಿದ್ದರು. ಒಂದು ಭಾನುವಾರ ಅವನನ್ನೂ ಅವ್ವನನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಕೊರಳಿನ ಹಗ್ಗ ಬಿಚ್ಚಿದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಯಾವ ಮೊಲವೂ ಏಳಲಿಲ್ಲ, ಯಾರೂ ಛೂ ಎನ್ನಲಿಲ್ಲ. ತನ್ನಷ್ಟಕ್ಕೆ ತಾನೇ ಹೊರಟ.

ಓಟವೆಂದರೆ ಕಾಲಿನ ಕೆಲಸ ಎಂದುಕೊಂಡಿದ್ದೆ. ಅವನು ಬೆನ್ನಿನಿಂದ ಓಡುತ್ತಿದ್ದ. ಬೆನ್ನು ಬಾಗಿ ನಾಲ್ಕೂ ಕಾಲು ಒಂದೆಡೆ ಕೂಡುತ್ತಿದ್ದವು, ಮರುಗಳಿಗೆಗೆ ಮೈ ಉದ್ದಕ್ಕೆ ಬಿಚ್ಚಿಕೊಳ್ಳುತ್ತಿತ್ತು, ನಡುವೆ ನೆಲಕ್ಕೂ ಅವನಿಗೂ ಸಂಬಂಧವೇ ಇರುತ್ತಿರಲಿಲ್ಲ. ಉಸಿರಾಡಿದ ಸದ್ದೂ ಇಲ್ಲ. ನಮ್ಮ ಹೊಸ್ತಿಲಲ್ಲಿ ಐದು ವರ್ಷ ಮಲಗಿದ್ದವನ ಒಳಗೆ ಇದು ಇತ್ತು, ಮತ್ತು ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಆಗ ಯಾರಾದರೂ ಬಂದು ಇದು ಯಾರ ನಾಯಿ ಎಂದು ಕೇಳಿದ್ದರೆ ನಮ್ಮದು ಎನ್ನಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈಮುಗಿದು ನಿಂತಿದ್ದಳು.

ಹೊಲದ ಆಚೆ ತುದಿಯಲ್ಲಿ, ಬೇವಿನ ಮರದ ಕೆಳಗೆ, ಪಕ್ಕದ ಹೊಲದವರು ಬುತ್ತಿ ಬಿಚ್ಚಿ ಕೂತಿದ್ದರು. ಒಬ್ಬಾಕೆ ರೊಟ್ಟಿ ಮುರಿದು ಕೈ ಚಾಚಿ ಅವನನ್ನು ಕರೆದಳು. ಅವನು ನಿಂತ. ಅವ್ವನ ಮುಗಿದ ಕೈ ಕೆಳಗಿಳಿಯಿತು. ಅವನು ಹೋಗಿ ಆ ರೊಟ್ಟಿಯನ್ನು ಒಂದೇ ಗುಕ್ಕಿಗೆ ನುಂಗಿದ. ಅವ್ವ ನನ್ನ ತೋಳು ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ನನಗೆ ಒತ್ತಿತು. ಮರದ ಕೆಳಗಿನಾಕೆ ಎರಡನೆಯ ತುಂಡು ಮುರಿಯುತ್ತಿದ್ದಳು, ಆದರೆ ಅಷ್ಟರಲ್ಲಿ ಅವನು ತಿರುಗಿಬಿಟ್ಟಿದ್ದ. ಹೋದದ್ದಕ್ಕಿಂತ ಜೋರಾಗಿ, ಹೊಲದ ನಟ್ಟನಡುವೆ, ನೇರ ನಮ್ಮ ಕಡೆಗೆ ಬಂದ.

ಬಂದವನು ನನ್ನನ್ನು ದಾಟಿ ಅವ್ವನ ಅಂಗೈಯಲ್ಲಿ ಮೂತಿ ಇಟ್ಟ. ಮೈಯೆಲ್ಲ ಏದುಸಿರು, ನಾಲಿಗೆ ಹೊರಗೆ. ಅವ್ವ ನನ್ನ ಮುಖ ನೋಡಿದಳು, ಕಣ್ಣು ತುಂಬಿದ್ದವು.

"ತಮ್ಮಾ, ನಾ ಏನೂ ತಂದಿಲ್ಲೋ" ಎಂದಳು.

ಹೇಳಿದ್ದು ನನಗೋ ಅವನಿಗೋ ತಿಳಿಯಲಿಲ್ಲ. ಅವನು ಮಾತ್ರ ಆ ಬರಿಗೈಯನ್ನು ನೆಕ್ಕುತ್ತ ಅಲ್ಲೇ ನಿಂತಿದ್ದ.