ಜವರಪ್ಪಣ್ಣ ಎಣಿಸದ ಕುರಿಗಳು

ಬೆಳಿಗ್ಗೆ ಏಳಕ್ಕೆ ಸೇಲಂನಲ್ಲಿ ಬಸ್ಸು ಹತ್ತಿದರೆ ತಾರಮಂಗಲಂ ಬರುವಷ್ಟರಲ್ಲಿ ನನ್ನದು ಅರ್ಧ ನಿದ್ದೆ ಆಗಿರುತ್ತದೆ. ಅಲ್ಲಿಂದ ನಂಗವಳ್ಳಿ ಕಡೆಗೆ ಇನ್ನೊಂದು ಬಸ್ಸು. ಉಳಿದರ್ಧ ನಿದ್ದೆ ಅದರಲ್ಲಿ. ಕಣ್ಣು ಮುಚ್ಚಿ ತೆರೆಯುವ ನಡುವೆ ಕಿಟಕಿಯಾಚೆ ಮರಗೆಣಸಿನ ಹೊಲ, ಬೋಳು ಗುಡ್ಡ, ಮತ್ತೆ ಹೊಲ. ಆ ಗುಡ್ಡದ ಬುಡದಲ್ಲಿ ಒಬ್ಬ ಮನುಷ್ಯ ನಿಂತಿರುತ್ತಿದ್ದ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಪಾದ ಮಂಡಿಗೆ ಆನಿಸಿ, ಗದ್ದ ಕೋಲಿನ ತುದಿಗೆ. ಸುತ್ತ ಮಣ್ಣಿನ ಬಣ್ಣದ ಕುರಿಗಳು. ಮಣ್ಣೇ ಎದ್ದು ಮೇಯುತ್ತಿದೆ ಅನ್ನಿಸುತ್ತಿತ್ತು. ಎರಡು ವರ್ಷ ನಾನು ಅವನನ್ನು ನನ್ನ ಬಸ್ಸಿನ ಕನಸಿನವನು ಎಂದೇ ಅಂದುಕೊಂಡಿದ್ದೆ. ಆಮೇಲೊಂದು ದಿನ ಅವರೇ ಕೋಲು ಹಿಡಿದು ನಮ್ಮ ಶಾಲೆಗೇ ಬಂದು ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದರು. ಹೆಸರು ಜವರಪ್ಪ. ಮಗಳಿಗೆ ಅಜ್ಜಿಯ ಹೆಸರು, ಯಲ್ಲಮ್ಮ. ನಾವೆಲ್ಲ ಯಲ್ಲಿ ಅನ್ನುತ್ತೇವೆ.

ನಾನು ಗೋಪಿ. ಸೇಲಂನ ನೇಕಾರರ ಮನೆಯವನು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ನನಗೆ ಅಮ್ಮನ ಅಡುಗೆಮನೆಯ ಮಾತು. ಅದನ್ನು ಶಾಲೆಯೊಳಗೆ ತಂದವನಲ್ಲ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ನಾಚಿಕೆಯೂ ಇತ್ತು. ನಮ್ಮದು ಪಂಚಾಯಿತಿ ಯೂನಿಯನ್ ಶಾಲೆ, ಇಬ್ಬರೇ ಕಲಿಸುವವರು: ಹೆಡ್‌ಮಿಸ್ ಪೂಂಗೊಡಿ ಟೀಚರ್, ನಾನು.

ಕಳೆದ ವರ್ಷ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು, ನನ್ನ ಕೈಗೊಂದು ಟ್ಯಾಬ್ ಬಂತು. ಬಿಸಿಲಿಗೆ ಬೋರ್ಡಿನಲ್ಲಿ ಏನೂ ಕಾಣುವುದಿಲ್ಲವೆಂದು ಪೂಂಗೊಡಿ ಟೀಚರ್ ತಮ್ಮ ಎರಡು ಹಳೆಯ ಸೀರೆ ತಂದು ಕಿಟಕಿಗಳಿಗೆ ಕಟ್ಟಿದರು. ಒಂದು ನೀಲಿ, ಒಂದು ಹಸಿರು. ಮಧ್ಯಾಹ್ನದ ಬೆಳಕು ಅವುಗಳಲ್ಲಿ ಸೋಸಿ ಬರುವಾಗ ಕ್ಲಾಸು ಕೆರೆಯ ತಳದಲ್ಲಿದ್ದ ಹಾಗಿರುತ್ತಿತ್ತು. ಮೊದಲ ಸಲ ಸಮುದ್ರ ತೋರಿಸಿದ ದಿನ ಮುಂದಿನ ಸಾಲಿನ ಮಕ್ಕಳು ಕಾಲು ನೆನೆಯುತ್ತದೆಂದು ಮೇಲಕ್ಕೆ ಎಳೆದುಕೊಂಡರು. ನಾನು ನಗಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಅಲ್ಲಿಗೆ ನನ್ನ ತಲೆ ತಿರುಗಿತು ಅನ್ನಬೇಕು. ಲೆಕ್ಕದ ಪರೀಕ್ಷೆಯನ್ನೂ ಟ್ಯಾಬಿನಲ್ಲೇ ನಾನೇ ತಯಾರು ಮಾಡಿದೆ. ಕುರಿ ಸಾಕುವ ಮನೆಗಳ ಮಕ್ಕಳು ಹೆಚ್ಚಾದ್ದರಿಂದ ಎಲ್ಲ ಪ್ರಶ್ನೆಗಳಿಗೂ ಕುರಿಯ ಚಿತ್ರ. ಒಂದು ಬಿಳಿ ಕುರಿ, ಹತ್ತಿ ತುಂಬಿದ ದಿಂಬಿನಂಥದ್ದು, ನೆಟ್‌ನಿಂದ ಇಳಿಸಿ, ಅದನ್ನೇ ಹನ್ನೆರಡು ಸಲ, ಹದಿನೈದು ಸಲ ಅಂಟಿಸಿದೆ. 'ಎಷ್ಟು ಕುರಿ?' ಎಂದು ಕೇಳಿದರೆ ಮಕ್ಕಳು ಸಂಖ್ಯೆ ಒತ್ತಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ನನ್ನ ಪರೀಕ್ಷೆ ಬಲು ಚೆಂದ ಕಂಡಿತು.

ಮೂರನೇ ಕ್ಲಾಸಿನ ಯಲ್ಲಿ ಹತ್ತು ಪ್ರಶ್ನೆಗೂ 'ಒಂದು' ಎಂದು ಒತ್ತಿದಳು. ಹತ್ತಕ್ಕೆ ಸೊನ್ನೆ. ಯಾಕಮ್ಮಾ ಎಂದು ತಮಿಳಿನಲ್ಲಿ ಕೇಳಿದೆ. ಪಕ್ಕದವರು ಕಿಸಕ್ಕೆಂದರು, ಅವಳು ತಲೆ ತಗ್ಗಿಸಿದಳು. ಆಮೇಲೆ ಟ್ಯಾಬನ್ನು ಮುಟ್ಟಲೇ ಇಲ್ಲ. ಬೋರ್ಡಿನ ಮುಂದೆ ಕರೆದರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಪೂಂಗೊಡಿ ಟೀಚರ್ ಅಂಕ ನೋಡಿ, "ಗೋಪಿ ಸಾರ್, ಈ ಹುಡುಗಿಯನ್ನು ಕೆಳಗಿನ ಗುಂಪಿಗೆ ಹಾಕಬೇಕಾಗುತ್ತದೆ. ಶುಕ್ರವಾರ ಆಫೀಸಿಗೆ ಪಟ್ಟಿ ಕಳಿಸ್ತೀನಿ. ಅಪ್ಪನಿಗೆ ಹೇಳಿಬಿಡಿ" ಎಂದರು ತಮಿಳಿನಲ್ಲಿ. ಕೆಳಗಿನ ಗುಂಪು ಅಂದರೆ ವರ್ಷ ಮುಗಿಯುವವರೆಗೆ ಒಂದನೇ ಕ್ಲಾಸಿನವರ ಜೊತೆ ಕೂತು ಒಂದು ಎರಡು ತಿದ್ದುವುದು.

ಸೋಮವಾರ ಜವರಪ್ಪಣ್ಣ ಬಂದರು. ಚಪ್ಪಲಿ, ಕೋಲು ಎರಡನ್ನೂ ಮೆಟ್ಟಿಲ ಹೊರಗೆ ಬಿಟ್ಟರು. ನಾನು ತಮಿಳಿನಲ್ಲಿ ಮೆಲ್ಲಗೆ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಪಕ್ಕದಲ್ಲಿದ್ದ ಮಗಳ ತಲೆ ಸವರಿ ತಮ್ಮ ಪಾಡಿಗೆ ಕನ್ನಡದಲ್ಲಿ ಹೇಳಿಕೊಂಡರು:

"ಓಗ್ಲಿ ಬುಡವ್ವ. ತಲೆಗತ್ದೇ ಇರೋದ್ನ ಯಾಕೆ ಅತ್ತಿಸ್ಬೇಕು. ಪೊಂಗಲ್ ಮುಗೀಲಿ, ಕುರಿ ಇಂದೆ ನಂಜೊತೆ ಬಂದ್ಬುಡು."

ಪೊಂಗಲ್ ಆದ ಮೇಲೆ ಅವರು ಮಂದೆ ಹೊಡೆದುಕೊಂಡು ತೊಪ್ಪೂರು ಘಾಟಿ ದಾಟಿ ಧರ್ಮಪುರಿ ಕಡೆಗೆ ಹೋಗುತ್ತಾರೆ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು. ಹೋದರೆ ನಾಲ್ಕು ತಿಂಗಳು. ಹಾಗೆ ಹೋದ ಮಕ್ಕಳು ಶಾಲೆಗೆ ಮರಳಿದ್ದನ್ನು ನಾನು ಕಂಡಿಲ್ಲ. ನನ್ನ ಬಾಯಿಂದ ಅಮ್ಮನ ಅಡುಗೆಮನೆಯ ಮಾತು ತಾನಾಗಿ ಹೊರಬಂತು.

"ಅಣ್ಣಾ, ಅಂಗೆ ತೀರ್ಮಾನ ಮಾಡ್ಬೇಡಿ. ಇಲ್ನೋಡಿ, ಇಷ್ಟು ಸುಲಭ ಐತೆ. ಇದ್ಕೆ ಒಂದು ಅಂತ ಒತ್ತವ್ಳೆ."

ಅವರು ನನ್ನ ಮುಖ ನೋಡಿದರು. "ವಾತ್ಯಾರು ನಮ್ ಮಾತೋರಾ? ಇಷ್ಟ್ ದಿನ ಬಾಯಲ್ಲಿ ಏನ್ ಮಡಿಕ್ಕಂಡಿದ್ರಿ?"

ನಾನು ಟ್ಯಾಬನ್ನು ಮುಂದೆ ಹಿಡಿದೆ. ಅವರು ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡು ಹತ್ತಿರ, ದೂರ ಹಿಡಿದು ನೋಡಿದರು. ಆಮೇಲೆ ನಗಲು ಶುರು ಮಾಡಿದರು.

"ಸರಿಯಾಗೇ ಒತ್ತವ್ಳಲ್ಲ ವಾತ್ಯಾರೇ. ಒಂದೇ ಕುರಿ."

"ಹನ್ನೆರಡು ಐತೆ ಅಣ್ಣಾ."

"ಎಲ್ಲೈತೆ? ಅದೇ ಮೂತಿ, ಅದೇ ಕಿವಿ, ಎಡಗಾಲು ಅದೇ ತರ ಮಡ್ಚೈತೆ. ಒಂದೇ ಕುರಿ ಓಡಾಡ್ತಾ ಐತೆ. ಅಲ್ವೇನವ್ವ?"

ಯಲ್ಲಿ ಮೊದಲ ಸಲ ತಲೆ ಎತ್ತಿದಳು. "ಊಂ ಅಪ್ಪಾ. ಒಂದೇ."

ನಾನು ನೋಡಿದೆ. ಹೌದು, ಒಂದೇ ಕುರಿ. ಅಂಟಿಸಿದವನು ನಾನೇ ಆಗಿದ್ದರೂ ನನಗೆ ಅದು ಕಂಡಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸಿತು.

ಆಗ ಎಷ್ಟು ಸುಲಭದ ದಾರಿಯಿತ್ತು! ನಾಲ್ಕು ಹಿಡಿ ಹುಣಸೆಬೀಜ ಸುರಿದು ಎಣಿಸು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಆಗಲೇ ಬೇರೆ ಚಿತ್ರ ತೇಲುತ್ತಿತ್ತು. ಇವರದೇ ಮಂದೆಯ ಫೋಟೋ ತೆಗೆದು ಬೋರ್ಡ್ ತುಂಬ ನಿಲ್ಲಿಸಬೇಕು. ಒಂದೊಂದಕ್ಕೂ ಒಂದೊಂದು ಮುಖವಿರುವ ಕುರಿಗಳು. ಪಟ್ಟಿ ಕಳಿಸುವ ಮೊದಲು ಪೂಂಗೊಡಿ ಟೀಚರ್ ತಾವೇ ಕೂತು ನೋಡಬೇಕು. ಕೇಳಿದಾಗ ಅವರು, "ಸರಿಂಗ ಸಾರ್, ಶುಕ್ರವಾರ ಮಧ್ಯಾಹ್ನ. ಅವಳು ನನ್ನ ಕಣ್ಣೆದುರು ಉತ್ತರ ಹೇಳಿದರೆ ಪಟ್ಟಿ ತಿದ್ದುತ್ತೇನೆ" ಎಂದರು.

ಬುಧವಾರ ಶಾಲೆ ಬಿಟ್ಟ ಮೇಲೆ ಗುಡ್ಡದ ಬುಡಕ್ಕೆ ಹೋದೆ. ಹೊತ್ತು ಇಳಿಯುತ್ತಿತ್ತು. ಮುಳ್ಳಿನ ಹಟ್ಟಿಯ ಬಾಯಲ್ಲಿ ಜವರಪ್ಪಣ್ಣ ನಿಂತಿದ್ದರು. ಕುರಿಗಳು ಧೂಳಿನೊಳಗಿಂದ ಒಂದೊಂದಾಗಿ ಬಂದು ಅವರ ಮಂಡಿ ತಾಕಿಸಿಕೊಂಡು ಒಳಗೆ ಹೋಗುತ್ತಿದ್ದವು. ಅವರು ಪ್ರತಿಯೊಂದರ ಮುಖ ನೋಡಿ ಹೆಸರು ಹೇಳುತ್ತಿದ್ದರು. ಮೊಂಡಗಿವಿ ಬಂದಳು. ಅಳುಬುರುಕಿ ಬಂದಳು. ಹೊಸ ಸೊಸೆ ಇನ್ನೂ ಬಂದಿಲ್ಲ, ಅವಳು ಯಾವಾಗಲೂ ಕೊನೆಗೆ. ನನಗೆ ಎಲ್ಲವೂ ಒಂದೇ ಕಂದು. ನೋಡುತ್ತ ನಿಂತೆ. ಬಸ್ಸಿನಲ್ಲಿ ಕಂಡ ಕನಸಿನೊಳಗೆ ಇಳಿದು ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು.

"ಎಣಿಸಲ್ವಾ ಅಣ್ಣಾ?" ಎಂದೆ, ಟ್ಯಾಬಿನಲ್ಲಿ ಫೋಟೋ ಹಿಡಿಯುತ್ತ.

"ಶಿವಾ! ಮಂದೆ ಎಣಿಸ್ಬಾರ್ದು ವಾತ್ಯಾರೇ. ಎಣಿಸಿದ್ ಮಂದೆ ಕರಗ್ತದೆ. ನಮ್ಮಪ್ಪ ಎಣಿಸ್ಲಿಲ್ಲ, ಅವ್ರಪ್ಪ ಎಣಿಸ್ಲಿಲ್ಲ. ಮಖ ನೋಡಿದ್ರೆ ಸಾಕು, ಯಾರ್ ಬಂದ್ರು ಯಾರ್ ಬರ್ಲಿಲ್ಲ ಗೊತ್ತಾಯ್ತದೆ."

ಆಮೇಲೆ ತಮ್ಮ ಕಥೆ ಹೇಳಿದರು. ಎಂಟು ವರ್ಷದವರಿದ್ದಾಗ ಅವರೂ ಶಾಲೆಗೆ ಹೋಗಿದ್ದರಂತೆ, ಒಟ್ಟು ಹನ್ನೊಂದು ದಿನ. ಹನ್ನೊಂದನೆಯ ದಿನ ವಾತ್ಯಾರು ಲೆಕ್ಕ ಕಲಿಸುತ್ತ, ನಿಮ್ಮ ಮನೆಯಲ್ಲಿ ಎಷ್ಟು ಕುರಿ ಎಂದು ಕೇಳಿದರು. ಇವರು ಬಾಯಿ ಬಿಡಲಿಲ್ಲ. ದಡ್ಡ ಎಂದು ಹುಣಸೆ ಬರಲಲ್ಲಿ ಬಾರಿಸಿದರು. ಇವರು ಎದ್ದವರು ಸೀದಾ ಗುಡ್ಡಕ್ಕೆ ಬಂದು ಅಪ್ಪನ ಪಕ್ಕ ನಿಂತುಕೊಂಡರು. "ಅವತ್ತಿಂದ ನಿಂತೇ ಇವ್ನಿ" ಎಂದು ನಕ್ಕರು. ಮದುವೆಯಾಯಿತು, ಇಬ್ಬರು ಗಂಡುಮಕ್ಕಳು ಹುಟ್ಟಿ ಬೆಳೆದು ಬೇರೆಯಾದರು, ನಲವತ್ತನಾಲ್ಕರಲ್ಲಿ ಈ ಹುಡುಗಿ ಹುಟ್ಟಿದಳು. ಘಾಟಿ ದಾಟುವಾಗ ಜೊತೆಗೊಂದು ಸಣ್ಣ ಜೀವ ಇದ್ದರೆ ದಾರಿ ಸಾಗುವುದೇ ಗೊತ್ತಾಗುವುದಿಲ್ಲ ಎಂದೂ ಹೇಳಿದರು. ನಾನು ಊಂ ಊಂ ಅನ್ನುತ್ತಿದ್ದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಬೆಳಕು ಹೋಗುವುದರೊಳಗೆ ಇಡೀ ಮಂದೆ ಒಂದೇ ಫೋಟೋದಲ್ಲಿ ಬರಬೇಕಿತ್ತು, ಅಷ್ಟೇ ನನ್ನ ಧ್ಯಾನ.

ಶುಕ್ರವಾರ ಕುರಿಗಳನ್ನು ಹೆಂಡತಿಗೆ ಒಪ್ಪಿಸಿ ಜವರಪ್ಪಣ್ಣ ಬಂದು ಬಾಗಿಲ ಪಕ್ಕ ನೆಲದ ಮೇಲೆ ಕೂತರು. ಪೂಂಗೊಡಿ ಟೀಚರ್ ಕೊನೆಯ ಬೆಂಚಿನಲ್ಲಿ, ಮಡಿಲಲ್ಲಿ ಪಟ್ಟಿ. ಸೀರೆಗಳನ್ನು ಎಳೆದೆ, ಬೋರ್ಡ್ ಹಾಕಿದೆ. ನೀಲಿ ಹಸಿರು ಮಬ್ಬಿನೊಳಗೆ ಗುಡ್ಡ ಬಂತು, ಸಂಜೆಯ ಧೂಳು ಬಂತು, ಕುರಿಗಳು ಬಂದು ಗೋಡೆಯ ಮೇಲೆ ನಿಂತು ನಮ್ಮನ್ನೇ ನೋಡಿದವು. ಜವರಪ್ಪಣ್ಣ ಅರ್ಧ ಎದ್ದು, "ಏ ಮೊಂಡಗಿವಿ, ನೀನಿಲ್ಲಿಗ್ಯಾಕ್ ಬಂದೆಯೇ?" ಎಂದರು. ಮಕ್ಕಳು ಗೊಳ್ಳೆಂದರು. ಯಲ್ಲಿಯೂ ನಕ್ಕಳು. ಕೈ ಬಿಟ್ಟುಕೊಂಡು ಬೋರ್ಡಿನ ಹತ್ತಿರ ತಾನಾಗಿ ಬಂದಳು.

"ಎಷ್ಟು ಕುರಿ ಯಲ್ಲಿ?" ಎಂದೆ. ಕ್ಲಾಸಿನಲ್ಲಿ, ಎಲ್ಲರ ಮುಂದೆ, ಕನ್ನಡದಲ್ಲಿ.

ಅವಳ ನಗು ನಿಂತಿತು. ಬೋರ್ಡ್ ನೋಡಿದಳು, ಅಪ್ಪನನ್ನು ನೋಡಿದಳು, ತುಟಿ ಬಿಗಿದಳು. ಕೈ ಮತ್ತೆ ಹಿಂದಕ್ಕೆ ಹೋಯಿತು. ಕೊನೆಯ ಬೆಂಚಿನಲ್ಲಿ ಪೂಂಗೊಡಿ ಟೀಚರ್ ಪೆನ್ನಿನ ಮುಚ್ಚಳ ತೆಗೆದರು.

ಆಗ ನನಗೆ ತಿಳಿಯಿತು. ಮಂದೆ ಎಣಿಸಬಾರದೆಂದು ಬುಧವಾರ ಜವರಪ್ಪಣ್ಣ ಅಷ್ಟು ಸ್ಪಷ್ಟವಾಗಿ ಹೇಳಿದ್ದರಲ್ಲ! ಬಿಳಿ ಕುರಿಯಾದರೆ ಸುಳ್ಳು ಕುರಿ. ಇವು ಅವಳ ಮನೆಯವು. ನಲವತ್ತು ಚಿಲ್ಲರೆ ವರ್ಷದ ಹಿಂದಿನ ಆ ವಾತ್ಯಾರು ಕೇಳಿದ್ದನ್ನೇ ನಾನು ಬಣ್ಣ ಹಾಕಿ, ಬೆಳಕು ಹಾಕಿ ಕೇಳಿದ್ದೆ. ಬೋರ್ಡ್ ಆರಿಸಲು ಕೈ ಎತ್ತಿದೆ.

ಅಷ್ಟರಲ್ಲಿ ಜವರಪ್ಪಣ್ಣ ಎದ್ದರು. ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಟವೆಲ್ ಹೆಗಲಿಗೆ ಹಾಕಿಕೊಂಡರು.

"ಅವು ಗೋಡೆ ಕುರಿ ಕಣವ್ವ," ಎಂದರು. "ಮನೆವು ಹಟ್ಟಿತಾವ ಅವೆ. ಇವು ಬ್ಯಾರೆ. ಎಣಿಸು, ಏನೂ ಆಗಲ್ಲ. ನಾನ್ ನೀರ್ ಕುಡ್ಕಂಡ್ ಬತ್ತೀನಿ."

ಈಗಷ್ಟೇ ಮೊಂಡಗಿವಿಯನ್ನು ಹೆಸರು ಹಿಡಿದು ಕೂಗಿದ ಮನುಷ್ಯ. ಹೊರಗೆ ಹೋಗಿ ಬಾಗಿಲನ್ನೂ ಎಳೆದುಕೊಂಡರು.

ಯಲ್ಲಿ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಳು. ಆಮೇಲೆ ಬೋರ್ಡಿಗೆ ತಿರುಗಿ, ಒಂದೊಂದು ಕುರಿಯ ಹಣೆಯನ್ನೂ ಬೆರಳಿನಿಂದ ಮುಟ್ಟುತ್ತ, ತಮಿಳಿನಲ್ಲಿ, ಪಿಸುಮಾತಿಗಿಂತ ಸ್ವಲ್ಪವೇ ಗಟ್ಟಿಯಾಗಿ ಎಣಿಸಿದಳು. "ನಾಪ್ಪತ್ತೊಣ್ಣು," ಎಂದಳು. ನಲವತ್ತೊಂದು, ಸರಿ. ನಾನು ಬಸ್ಸಿನಲ್ಲಿ ಮೂರು ಸಲ ಎಣಿಸಿದ್ದೆ. "ಒಬ್ಳು ಬಂದಿಲ್ಲ ಸಾರ್. ಹೊಸ ಸೊಸೆ. ಪೊದೆ ಇಂದೆ ಇರ್ತಾಳೆ."

"ಇದರಲ್ಲಿ ಹದಿನಾರು ನೀರಿಗೆ ಹೋದರೆ?" ಎಂದು ಪೂಂಗೊಡಿ ಟೀಚರ್ ತಾವೇ ಕೇಳಿದರು.

"ಇರುವತ್ತಂಜು," ಎಂದಳು ಯಲ್ಲಿ, ಕಣ್ಣು ಮಿಟುಕಿಸದೆ. ಇಪ್ಪತ್ತೈದು.

ಟೀಚರ್ ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿ ಮೇಲಿನ ಗುಂಪಿಗೆ ಬರೆದರು.

ಹೊರಗೆ ಹೋದೆ. ಜವರಪ್ಪಣ್ಣ ನಲ್ಲಿಯ ಹತ್ತಿರ, ಟವೆಲನ್ನು ಎರಡೂ ಕಿವಿಗೆ ಬಿಗಿಯಾಗಿ ಸುತ್ತಿಕೊಂಡು, ಬಿಸಿಲಲ್ಲಿ ನಿಂತಿದ್ದರು. ನೀರು ಕುಡಿದ ಗುರುತಿರಲಿಲ್ಲ. ತೋಳು ಮುಟ್ಟಿದೆ. ಟವೆಲ್ ಬಿಚ್ಚಿದರು.

"ಆಯ್ತಾ?"

"ಆಯ್ತಣ್ಣಾ. ಎಲ್ಲಾ ಸರಿ ಹೇಳಿದ್ಳು. ಮೇಲಿನ ಗುಂಪು."

ಅವರು ಗುಡ್ಡದ ಕಡೆ ತಿರುಗಿದರು.

"ಎಷ್ಟು ಅಂತ ಮಾತ್ರ ನಂಗ್ ಯೋಳ್ಬ್ಯಾಡಿ ವಾತ್ಯಾರೇ," ಎಂದರು.

ಪೊಂಗಲ್ ಆದ ಮೂರನೇ ದಿನ ಅವರು ಮಂದೆ ಹೊಡೆದುಕೊಂಡು ಘಾಟಿಯ ಕಡೆಗೆ ಒಬ್ಬರೇ ಹೋದರು.