ಅಚ್ಚುಕಟ್ಟಾದ ತಪ್ಪು

ರೇಡಿಯೊ ಟೆಲಿಸ್ಕೋಪಿನ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಜರಡಿಯಮ್ಮ ಎಂದೇ. ಆಕಾಶದಿಂದ ಬಂದ ಅಳತೆಗಳಲ್ಲಿ ಯಂತ್ರದ ದೋಷದಿಂದ ಕೆಟ್ಟವನ್ನು ಆರಿಸಿ ಪಕ್ಕಕ್ಕೆ ಹಾಕುವುದು ಅವಳ ಕೆಲಸ. ಖಗೋಳಶಾಸ್ತ್ರದ ಗಂಧಗಾಳಿ ಇಲ್ಲದಿದ್ದರೂ, ಯಾವ ಕೇಬಲ್ ಸಡಿಲವಾದರೆ ಪರದೆಯ ಗೆರೆ ಹೇಗೆ ನಡುಗುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಬೇಡವೆಂದದ್ದನ್ನು ಇನ್ನೊಬ್ಬರು ತೆರೆದು ನೋಡಿದ್ದೇ ಇಲ್ಲ. ಆ ಹೆಮ್ಮೆ ಅವಳಿಗೆ ಒಂದು ಗುಲಗಂಜಿ ಜಾಸ್ತಿಯೇ ಇತ್ತು, ಇರಲಿ ಬಿಡಿ.

ಆ ವಾರ ಬಂದದ್ದು ಒಂದು ಎಳೆಯ ನಕ್ಷತ್ರದ ಅಳತೆ. ಎಳೆಯದು ವಯಸ್ಸಿನಲ್ಲಿ ಮಾತ್ರ. ತೂಕದಲ್ಲಿ ಹದಿನೈದು ಸೂರ್ಯರಿಗೆ ಸಮ. ಇಂಥ ದೈತ್ಯ ಹುಟ್ಟುವಾಗ ಸುತ್ತಲಿನ ಅನಿಲವನ್ನೂ ಧೂಳನ್ನೂ ಬೆಳಕಿನಿಂದಲೇ ಊದಿ ಓಡಿಸಿಬಿಡುತ್ತದೋ, ಅಥವಾ ಅವು ತಟ್ಟೆಯಂತೆ ಸುತ್ತುತ್ತ ಅದಕ್ಕೆ ಉಣಿಸುತ್ತವೋ? ಕಚೇರಿಯ ಕಿರಿಯ ವಿಜ್ಞಾನಿ ನಾಲ್ಕು ವರ್ಷದಿಂದ ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ಜರಡಿಯಮ್ಮ ಎಂದಿನಂತೆ ನಕ್ಷತ್ರದ ಎಡ ಬಲ ಹೋಲಿಸಿದಳು. ಪರದೆಯಲ್ಲಿ ಎರಡೂ ಕಡೆಯ ಅನಿಲದ ಗೆರೆ ಒಂದೇ ಜಾಗದಲ್ಲಿ ನಿಲ್ಲಬೇಕು ಎಂಬುದು ಅವಳೇ ಮಾಡಿಕೊಂಡ ನಿಯಮ. ಇಲ್ಲಿ ಎಡದ್ದು ಒಂದು ಪಕ್ಕಕ್ಕೆ, ಬಲದ್ದು ಇನ್ನೊಂದು ಪಕ್ಕಕ್ಕೆ ಸರಿದಿತ್ತು. ಯಂತ್ರ ಕೈಕೊಟ್ಟಿದೆ ಎಂದು ಸರಿದದ್ದನ್ನೆಲ್ಲ ತೆಗೆದಳು. ಉಳಿದದ್ದರಲ್ಲಿ ತಟ್ಟೆಯ ಸುಳಿವೇ ಇರಲಿಲ್ಲ. ಶುಕ್ರವಾರ ‘ಇಲ್ಲ’ ಎಂದು ವರದಿ ಕಳಿಸುತ್ತೇನೆ ಎಂದಳು ವಿಜ್ಞಾನಿ, ಮುಖ ಸಪ್ಪಗೆ ಮಾಡಿಕೊಂಡು.

ಗುರುವಾರ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕುಳಿತರೂ ಜರಡಿಯಮ್ಮನ ಕಣ್ಣ ಮುಂದೆ ಆ ಗೆರೆಗಳೇ. ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅವನನ್ನೇ ಕೇಳಿದಳು: “ರೀ, ಕೆಟ್ಟ ಯಂತ್ರ ಯಾವತ್ತಾದ್ರೂ ಅಚ್ಚುಕಟ್ಟಾಗಿ ತಪ್ಪು ಮಾಡುತ್ತಾ?”

“ಕೆಟ್ಟಿದ್ದು ಮನಸ್ಸಿಗೆ ಬಂದ ಹಾಗೆ ಆಡುತ್ತೆ ಕಣೇ. ಅಚ್ಚುಕಟ್ಟಾಗಿದ್ರೆ ಅದು ಕೆಟ್ಟಿಲ್ಲ.”

ಅವಳು ಅರ್ಧ ಊಟಕ್ಕೇ ಕೈತೊಳೆದು ಕಚೇರಿಗೆ ಓಡಿದಳು. ಪಕ್ಕಕ್ಕೆ ಹಾಕಿದ್ದನ್ನು ಮತ್ತೆ ತೆರೆದಳು. ನಕ್ಷತ್ರಕ್ಕೆ ಹತ್ತಿರ ಗೆರೆ ಹೆಚ್ಚು ಸರಿದಿದೆ, ದೂರ ಹೋದಂತೆ ಕಡಿಮೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಅನಿಲ ನಮ್ಮತ್ತ ಬಂದರೆ ಗೆರೆ ಒಂದು ಪಕ್ಕಕ್ಕೆ, ದೂರ ಹೋದರೆ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ ಎಂದು ವಿಜ್ಞಾನಿ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಅಂದರೆ ಒಂದು ಕಡೆಯ ಅನಿಲ ನಮ್ಮತ್ತ ಬರುತ್ತಿದೆ, ಇನ್ನೊಂದು ಕಡೆಯದು ದೂರ ಹೋಗುತ್ತಿದೆ. ಸುತ್ತುವುದು ಎಂದರೆ ಇದೇ ಅಲ್ಲವೇ! ಖುಷಿಗೆ ಮೈ ಜುಮ್ಮೆಂದಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಬಾಯಿ ಬಿಟ್ಟರೆ ಹತ್ತೊಂಬತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ನಾಳೆ ವರದಿ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ವಿಜ್ಞಾನಿಯ ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು. “ಮೇಡಂ, ನಿಮ್ಮ ತಟ್ಟೆ ಇದೆ. ನಾನೇ ಕಸ ಅಂತ ಎತ್ತಿ ಹಾಕಿದ್ದೆ.”

ವಿಜ್ಞಾನಿ ಬಂದು ಪರದೆ ನೋಡಿದಳು. ನೋಡುತ್ತಲೇ ಅವಳನ್ನು ತಬ್ಬಿಕೊಂಡಳು. “ಅಮ್ಮಾ, ಸುತ್ತುತ್ತಿದೆ! ನಿಮ್ಮನ್ನ ಬೈಯೋಕೂ ಆಗ್ತಿಲ್ಲ ನನಗೆ!”

ಜರಡಿಯಮ್ಮ ನಗಲಿಲ್ಲ.

“ಇದಕ್ಕೂ ಮುಂಚೆ ಇಂಥ ದೊಡ್ಡ ನಕ್ಷತ್ರದ್ದು ನಲವತ್ತೊಂದು ಬಂದಿದ್ವು,” ಎಂದಳು. “ಎಲ್ಲದಕ್ಕೂ ನಾನು ಇದೇ ನಿಯಮ ಹಾಕಿದ್ದೀನಿ. ಎಲ್ಲದಕ್ಕೂ ‘ಇಲ್ಲ’ ಅಂತಾನೇ ವರದಿ ಹೋಗಿದೆ.”

ವಿಜ್ಞಾನಿ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತಳು.

“ಮೊದಲನೇದು ತೆಗೀರಿ, ನೋಡೋಣ.”