ಅಣಬೆ ಪಲ್ಯ ಮತ್ತು ರೋಮಿನ ರಾಣಿ

ಮಳೆಗಾಲ ಬಂತೆಂದರೆ ಖಾನಾಪುರದ ಮಾಯಕ್ಕನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ನಸುಕಿನ ಮಂಜಿನಲ್ಲಿ ನಂದಗಡದ ದಾರಿಯ ಕಾಡಿಗೆ ಹೋಗಿ, ಹುತ್ತದ ಮೇಲೆದ್ದ ಅಣಬೆಗಳನ್ನು ಸೆರಗಿನ ತುಂಬ ತರುವಳು. ಅವಳ ಪಲ್ಯದ ಘಮಕ್ಕೆ ಓಣಿಯೇ ಬಾಯಿ ಚಪ್ಪರಿಸುತ್ತಿತ್ತು.

ಗಂಡ ತೀರಿಕೊಂಡಿದ್ದ. ಜೊತೆಗಿದ್ದವನು ಹೊಟ್ಟೆಯ ಮಗ ಬಾಳಪ್ಪ. ಸವತಿಯ ಮಗ ಭರಮಣ್ಣ ಬೆಳಗಾವಿಯಲ್ಲಿ ಕಾಲೇಜು ಕಲಿಯುತ್ತಿದ್ದ. ಅವನು ಕರೆಯುತ್ತಿದ್ದದ್ದು ಚಿಗವ್ವ ಎಂದು. ಒಮ್ಮೆಯಾದರೂ ಅವ್ವ ಅನ್ನಲಿ ಎಂದು ಆಕೆ ಎಷ್ಟು ಹಂಬಲಿಸಿದ್ದಳೋ!

ಎಪ್ಪತ್ತಾರರ ಆಷಾಢದಲ್ಲಿ ಊರಿಗೆ ಬಂದವನು ತಾಟಿನ ಮುಂದೆ ಕೂತು ಕಾಲೇಜಿನಲ್ಲಿ ಕೇಳಿದ ಕಥೆ ತೆಗೆದ.

"ರೋಮಿನ ರಾಣಿ ತನ್ನ ಮಗಗ ಪಟ್ಟ ಸಿಗಲಿ ಅಂತ ಗಂಡನ ಅಣಬಿ ಪಲ್ಯದಾಗ ವಿಷಾ ಹಾಕಿದ್ಲಂತ, ಚಿಗವ್ವ. ಪಟ್ಟ ಏರಿದ ಮಗ ಮಲತಮ್ಮನ್ನೂ ಊಟದಾಗನ ಮುಗಿಸಿದ್ನಂತ."

ಹೇಳುತ್ತ ಹೇಳುತ್ತ ಅವನ ಕೈ ನಿಂತಿತು. ತಾಟಿನಲ್ಲಿ ಅಣಬೆ. "ಯಾಕೋ ಹಸಿವಿಲ್ಲ" ಎಂದು ಎದ್ದುಬಿಟ್ಟ. ಅಯ್ಯ, ಕಲಿತವರ ಬುದ್ಧಿಗೆ ಏನನ್ನಬೇಕು! ಮಾಯಕ್ಕ ಪಲ್ಯವನ್ನು ಹಾಗೇ ಮುಚ್ಚಿಟ್ಟಳು.

ಮಧ್ಯಾಹ್ನ ಒಲೆಯ ಮುಂದೆ ಅತ್ತು ಅತ್ತು ಜೋಂಪು ಹತ್ತಿತು. ಹೊಗೆಯೇ ಕಾಡಿನ ಮಂಜಾಯಿತು. ಮಂಜಿನೊಳಗೆ ರಾಣಿ, ಬಂಗಾರದ ಕಿರೀಟದಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಅವಳೂ ಅಣಬೆ ಆರಿಸುತ್ತಿದ್ದಳು.

"ಇದನ್ನ ಹಾಕವಾ. ಹೊಲಾ ಎಲ್ಲಾ ಬಾಳಪ್ಪಗ ಬರ್ತದ" ಎಂದು ಒಂದನ್ನು ಚಾಚಿದಳು.

"ಇಬ್ರೂ ನನ್ನ ಮಕ್ಕಳ. ಹೋಗ ಆಕಡೆ!" ಎಂದು ಚೀರಿ ಮಾಯಕ್ಕ ಎಚ್ಚರಾದಳು.

ಗಂಡಸರು ಉಂಡೆದ್ದ ಮೇಲೆಯೇ ಹೆಂಗಸರು ಉಣ್ಣುವ ಮನೆ ಅದು. ಸಂಜೆ ಭರಮಣ್ಣನಿಗೆ ಅದೇ ಪಲ್ಯ ಬಡಿಸಿದ ಮಾಯಕ್ಕ, ಎದುರಿಗೆ ಕೂತು ಅವನ ತಾಟಿನಿಂದಲೇ ಮೊದಲ ತುತ್ತು ಮುರಿದು ತಿಂದಳು.

"ಇದೇನ ಚಿಗವ್ವ?"

"ನಿನ್ನ ಕಥಿ ನನಗೂ ತಿಳೀತಪಾ. ಈಗ ಉಣ್ಣು."

ಅವನು ತಲೆ ಎತ್ತದೆ ಉಂಡ.

ಎಂಬತ್ತನಾಲ್ಕರ ಹೊತ್ತಿಗೆ ಭರಮಣ್ಣ ನೌಕರಿ ಹಿಡಿದು ಬೆಳಗಾವಿಯ ಸದಾಶಿವನಗರದಲ್ಲಿ ಮನೆ ಮಾಡಿದ್ದ. ಮಾಯಕ್ಕ ಅಣಬೆ ಗಂಟು ಕಟ್ಟಿಕೊಂಡು ಹೋಗಿ ಪಲ್ಯ ಮಾಡಿ ಬಡಿಸಿದಳು. ಅವನು ತಾಟನ್ನು ಅವಳ ಕಡೆ ಸರಿಸಿದ.

"ಮೊದಲ ತುತ್ತು ನಿಂದು."

ಮಾಯಕ್ಕನ ಮುಖ ಬಾಡಿತು. "ಇನ್ನೂ ಸಂಶೇ ಐತೇನಪಾ?"

"ಅವತ್ತ ನೀ ತಿಂದ ಮ್ಯಾಲ ನಾ ಉಂಡೆ. ಆ ನಾಚಿಕಿ ಇನ್ನೂ ಹೋಗಿಲ್ಲ." ರೊಟ್ಟಿ ಮುರಿದು ಪಲ್ಯದಲ್ಲಿ ಒತ್ತಿ ಅವಳ ಬಾಯಿಯ ಹತ್ತಿರ ಹಿಡಿದ. "ಇವತ್ತ ನನ್ನ ಕೈಲೆ ತಗೋ, ಅವ್ವಾ."

ಮಾಯಕ್ಕ ಬಾಯಿ ತೆರೆದಳು. ಇನ್ನೊಂದು ತುತ್ತಿಗೂ ತೆರೆದಳು.